ಲಾಗ್ ಲೆಕ್ಕದಲ್ಲಿ ಬಂದ ಉತ್ತರವನ್ನು ಯಾಕೆ ಬಿಡಬೇಕು?

ಹಾಸನದಲ್ಲಿ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ: "ಸರ್, ಲೆಕ್ಕ ಸರಿಯಾಗೇ ಮಾಡಿದ್ದೀನಿ. ಎರಡು ಉತ್ತರ ಬಂತು. ಒಂದನ್ನ ಯಾಕೆ ಬಿಡಬೇಕು?"

"ಮೈನಸ್ ಬಂದರೆ ಹೊಡೆದುಹಾಕು" ಎಂದು ಹೇಳಿ ಮುಗಿಸುವವರಿದ್ದಾರೆ. ಅದು ತಪ್ಪು.

ಲಾಗ್ ಅಂದರೆ ಬೇಸ್ ಎಂಬ ಸಂಖ್ಯೆಗೆ ಯಾವ ಘಾತ ಕೊಟ್ಟರೆ ಒಳಗಿನ ಸಂಖ್ಯೆ ಬರುತ್ತದೋ ಆ ಘಾತ. ಬೇಸ್ 2 ಎಂದಿಟ್ಟುಕೊಂಡು ಇದನ್ನು ನೋಡಿ:

ಲಾಗ್ ಎಕ್ಸ್ + ಲಾಗ್ (ಎಕ್ಸ್ − 2) = 3

ಲಾಗ್‌ಗಳನ್ನು ಕೂಡಿದರೆ ಒಳಗಿನ ಸಂಖ್ಯೆಗಳನ್ನು ಗುಣಿಸಬೇಕು. 2ರ ಘಾತ 3 ಅಂದರೆ 8. ಹಾಗಾಗಿ ಎಕ್ಸ್(ಎಕ್ಸ್ − 2) = 8. ಬಿಡಿಸಿದರೆ 4 ಮತ್ತು −2. 4 ಹಾಕಿದರೆ 2 + 1 = 3, ಸರಿಯಾಯಿತು. −2 ಹಾಕಿದರೆ ಶುರುವಿನಲ್ಲೇ ಲಾಗ್ (−2) ಎದುರಾಗುತ್ತದೆ. 2ಕ್ಕೆ ಯಾವ ಘಾತ ಕೊಟ್ಟರೂ ಮೈನಸ್ ಸಂಖ್ಯೆ ಬರುವುದಿಲ್ಲ.

ಸಕಲೇಶಪುರ ಕಡೆಯ ಮಕ್ಕಳಿಗೆ ತೋಟದ ಮಣ್ಣಿನ ಪಿಎಚ್, ಅಂದರೆ ಹುಳಿಯ ಅಳತೆ, ನೆನಪಿಸುತ್ತೇನೆ. ಪಿಎಚ್ ಕೂಡ ಲಾಗ್ ತಾನೇ. ಪಿಎಚ್ 5 ಅಂದರೆ ಹೈಡ್ರೋಜನ್ ಅಯಾನು ಲೀಟರಿಗೆ 0.00001 ಮೋಲ್. ಬೇಸ್ 10ರಲ್ಲಿ ಅದರ ಲಾಗ್ −5. ಲಾಗ್‌ನ ಬೆಲೆ ಮೈನಸ್ ಆಗಬಹುದು, ಒಳಗಿರುವ ಪ್ರಮಾಣ ಆಗದು.

ಹಾಗಾದರೆ ಆ −2 ಬಂದದ್ದೆಲ್ಲಿಂದ? ಎರಡು ಲಾಗ್‌ಗಳನ್ನು ಒಂದು ಮಾಡಿದ ಸಾಲಿನಿಂದ. ಅಲ್ಲಿ −2 ಮತ್ತು −4 ಗುಣಿಸಿ 8 ಆಯಿತು. ಒಂಟಿಯಾಗಿ ಲಾಗ್‌ನೊಳಗೆ ಹೋಗಲಾಗದ ಎರಡು ಸಂಖ್ಯೆಗಳು ಜೊತೆಯಾಗಿ ಒಳಗೆ ಬಂದುಬಿಟ್ಟವು! ಈ ಜಾಗ ಹೊಳೆದಾಗ ಮಕ್ಕಳ ಮುಖ ನೋಡುವುದೇ ನನಗೊಂದು ಖುಷಿ. ಅದಕ್ಕೇ ಲೆಕ್ಕ ಮುಟ್ಟುವ ಮೊದಲೇ "ಎಕ್ಸ್ 2ಕ್ಕಿಂತ ಜಾಸ್ತಿ ಇರಬೇಕು" ಎಂದು ಮೇಲೆ ಬರೆಸುತ್ತೇನೆ.

ಈಗ ಬೇಸ್ 3ರಲ್ಲಿ ಲಾಗ್ (1 − ಎಕ್ಸ್) = 2 ತೆಗೆದುಕೊಳ್ಳಿ. ಉತ್ತರ −8. ಒಳಗೆ 9 ಬರುತ್ತದೆ, ಯಾವ ತೊಂದರೆಯೂ ಇಲ್ಲ. ಮೈನಸ್ ಎಂದು ಸುಮ್ನೆ ಹೊಡೆದುಹಾಕಿದರೆ ಅಂಕ ಹೋಯಿತು. ನೋಡಬೇಕಾದದ್ದು ಎಕ್ಸ್ ಅನ್ನಲ್ಲ, ಆವರಣದ ಒಳಗನ್ನು.

ಇದಕ್ಕಿಂತ ಹೆಚ್ಚು ಕಾಡುವುದು ಉತ್ತರ ಕಳೆದುಹೋಗುವುದು. ಬೇಸ್ 10ರಲ್ಲಿ ಲಾಗ್ ಎಕ್ಸ್² = 4 ಇದೆ ಅನ್ನಿ. ತಕ್ಷಣ 2 ಲಾಗ್ ಎಕ್ಸ್ = 4 ಎಂದು ಬರೆದರೆ 100 ಮಾತ್ರ ಸಿಗುತ್ತದೆ. ಆದರೆ −100ರ ವರ್ಗವೂ 10,000 ಅಲ್ವಾ? ಅದೂ ಉತ್ತರವೇ. ಜಾಸ್ತಿ ಬಂದ ಉತ್ತರವನ್ನು ತಾಳೆ ನೋಡಿ ಹಿಡಿಯಬಹುದು. ಇದನ್ನು ಹಾಗೆ ಹಿಡಿಯಲಾಗದು, ಯಾಕೆಂದರೆ ಅದು ಕಾಗದದ ಮೇಲೆ ಬಂದೇ ಇರುವುದಿಲ್ಲ.