ಉದ್ದ ಇದ್ದರೆ ಸಾಕಲ್ವಾ ಸಾರ್?

ಬೇಸಿಗೆ ಶಿಬಿರ ಶುರುವಾದರೆ ಸಾಕು, ಯಾರಾದರೂ ಮಗನನ್ನು ಮುಂದೆ ನಿಲ್ಲಿಸಿ ಕೇಳುತ್ತಾರೆ: "ನಮ್ಮ ಹುಡುಗ ಉದ್ದ ಇದ್ದಾನೆ ಸಾರ್, ಬಾಸ್ಕೆಟ್‌ಬಾಲ್‌ನಲ್ಲಿ ಸೆಂಟರ್ ಆಡೋಕೆ ಅಷ್ಟು ಸಾಕಲ್ವಾ?" ರಿಂಗ್ ಹತ್ತಿರ ನಿಂತು ಆಡುವವನೇ ಸೆಂಟರ್. ಉದ್ದ ಬೇಕು, ನಿಜ. ಆದರೆ ನಾನು ಮೊದಲು ನೋಡೋದು ಪಾದ. ಯಾಕೆ ಅಂತ ಕೇಳಿದರೆ, ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆಡಿದ ಸೆಂಟರ್ ಹಕೀಮ್ ಒಲಾಜುವಾನ್ ಕಥೆ ಹೇಳುತ್ತೇನೆ.

ಹಕೀಮ್ ಹುಟ್ಟಿದ್ದು 1963ರಲ್ಲಿ, ನೈಜೀರಿಯಾದ ಲಾಗೋಸ್‌ನಲ್ಲಿ. ಅಪ್ಪ ಅಮ್ಮನದು ಸಿಮೆಂಟ್ ವ್ಯಾಪಾರ. ಹುಡುಗ ಆಡುತ್ತಿದ್ದದ್ದು ಹ್ಯಾಂಡ್‌ಬಾಲ್, ಫುಟ್‌ಬಾಲ್. ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್. ಬಾಸ್ಕೆಟ್‌ಬಾಲ್ ಹಿಡಿದದ್ದು ತೀರಾ ತಡವಾಗಿ. 1980ರಲ್ಲಿ ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಹೋದ. ಬೇಸಿಗೆಯಲ್ಲಿ ಮೋಸೆಸ್ ಮಲೋನ್ ಎಂಬ ಘಟಾನುಘಟಿ ಸೆಂಟರ್ ಜೊತೆ ಆಡಿ, ಪೆಟ್ಟು ತಿಂದು ಕಲಿತ. 1984ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳೋದು) ಹ್ಯೂಸ್ಟನ್ ರಾಕೆಟ್ಸ್ ತಂಡ ಎಲ್ಲರಿಗಿಂತ ಮೊದಲು ಕರೆದದ್ದು ಇವನ ಹೆಸರನ್ನೇ. ಮೈಕಲ್ ಜೋರ್ಡನ್ ಮೂರನೆಯವನು!

ಅವನದೇ ಒಂದು ಪಟ್ಟು ಇತ್ತು, 'ಡ್ರೀಮ್ ಶೇಕ್' ಅಂತ. ರಿಂಗ್‌ಗೆ ಬೆನ್ನು ಹಾಕಿ ಬಾಲ್ ಹಿಡಿಯುತ್ತಾನೆ. ಭುಜ ಒಂದು ಕಡೆ ವಾಲಿಸುತ್ತಾನೆ. ಹಿಂದಿರುವವನು ಅತ್ತ ಸರಿದನೋ, ಇವನು ಇತ್ತ ತಿರುಗಿಬಿಟ್ಟ. ಅವನು ಗಾಬರಿಯಾಗಿ ಬ್ಲಾಕ್ ಮಾಡಲು, ಅಂದರೆ ಎಸೆತವನ್ನು ಕೈಯಿಂದ ತಡೆಯಲು, ಹಾರಿದರೆ ಇವನ ಕಾಲು ಇನ್ನೂ ನೆಲದಲ್ಲೇ! ಹಾರಿದವನು ಇಳಿಯುವಷ್ಟರಲ್ಲಿ ಪಕ್ಕದಿಂದ ನುಸುಳಿ ಬಾಲ್ ಒಳಗೆ. 1995ರ ಪ್ಲೇಆಫ್‌ನಲ್ಲಿ ಸ್ಯಾನ್ ಆಂಟೋನಿಯೋ ತಂಡದ ಡೇವಿಡ್ ರಾಬಿನ್ಸನ್‌ಗೆ ಇದರ ರುಚಿ ಚೆನ್ನಾಗಿ ಸಿಕ್ಕಿತು. ಆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನು ರಾಬಿನ್ಸನ್ ಕೈಗೆ ಕೊಟ್ಟದ್ದು ಆ ಸರಣಿಯ ಎರಡನೇ ಪಂದ್ಯಕ್ಕೆ ಮುಂಚೆ, ಹಕೀಮ್ ಕಣ್ಣೆದುರೇ. ಅವತ್ತು ಹಕೀಮ್ 41 ಪಾಯಿಂಟ್ ಹೊಡೆದ. ಪಾಪ, ರಾಬಿನ್ಸನ್ ಏನು ಗಿಡ್ಡನೇ? ಏಳಡಿ ದಾಟಿದ ಆಳು.

ನನಗೆ ಇನ್ನೂ ಜಾಸ್ತಿ ಇಷ್ಟ 1994ರ ಫೈನಲ್‌ನ ಆರನೇ ಪಂದ್ಯ. ಫೈನಲ್ ಅಂದರೆ ಅಲ್ಲಿ ಏಳು ಪಂದ್ಯಗಳ ಸರಣಿ, ನಾಲ್ಕು ಗೆದ್ದವರಿಗೆ ಕಪ್. ಸರಣಿಯಲ್ಲಿ ನ್ಯೂಯಾರ್ಕ್ ನಿಕ್ಸ್ 3-2ರಿಂದ ಮುಂದಿತ್ತು. ಪಂದ್ಯದಲ್ಲಿ ರಾಕೆಟ್ಸ್ 86-84ರಿಂದ ಮುಂದೆ. ಇನ್ನು ಒಂದೆರಡು ಸೆಕೆಂಡ್ ಅಷ್ಟೇ. ನಿಕ್ಸ್‌ನ ಜಾನ್ ಸ್ಟಾರ್ಕ್ಸ್ ಮೂರು ಪಾಯಿಂಟ್ ಗೆರೆಯಾಚೆಯಿಂದ ಎಸೆದ. ಬಿದ್ದಿದ್ದರೆ ಕಪ್ ನ್ಯೂಯಾರ್ಕ್ ಪಾಲು. ರಿಂಗ್ ಕೆಳಗಿರಬೇಕಾದ ಹಕೀಮ್ ಅಷ್ಟು ದೂರ ಬಂದು ಬೆರಳ ತುದಿ ತಾಗಿಸಿಯೇಬಿಟ್ಟ. ಗೋಲ್‌ಕೀಪರ್ ಬುದ್ಧಿ ಅಲ್ವಾ ಅದು? ಏಳನೇ ಪಂದ್ಯವನ್ನೂ ರಾಕೆಟ್ಸ್ ಗೆದ್ದಿತು. ಮರುವರ್ಷ ಮತ್ತೊಂದು ಕಪ್.

2002ರಲ್ಲಿ ನಿವೃತ್ತನಾದಾಗ ಅವನ ಲೆಕ್ಕದಲ್ಲಿ 3,830 ಬ್ಲಾಕ್ ಇದ್ದವು. ಎನ್‌ಬಿಎಯಲ್ಲಿ ಇವತ್ತಿಗೂ ಯಾರೂ ಅದನ್ನು ದಾಟಿಲ್ಲ. ಆಮೇಲೆ ಕೋಬಿ ಬ್ರಯಾಂಟ್, ಲೆಬ್ರಾನ್ ಜೇಮ್ಸ್ ಅವನನ್ನೇ ಹುಡುಕಿಕೊಂಡು ಹೋಗಿ ಪಾಠ ಹೇಳಿಸಿಕೊಂಡರು. ಇಬ್ಬರೂ ಸೆಂಟರ್ ಅಲ್ಲ. ಕಲಿಯಲು ಹೋದದ್ದು ಕಾಲಿನ ಕೆಲಸ.

ಹಾಗಾಗಿ ಹುಡುಗನನ್ನು ಖಂಡಿತ ಕರ್ಕೊಂಡು ಬನ್ನಿ. ಮೊದಲ ವಾರ ನಾನು ಅವನಿಗೆ ಬಾಲ್ ಕೊಡೋದಿಲ್ಲ. ಸ್ಕಿಪ್ಪಿಂಗ್ ಹಗ್ಗ ಕೊಡುತ್ತೇನೆ.