ಗೋಣಿಯ ಅಚ್ಚು ಬಿದ್ದ ಕಲ್ಲು

ಮುಂಬಯಿಯ ಲಾಲ್‌ಬಾಗ್‌ನ ನಮ್ಮ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ನಲ್ಲಿಯ ಪಕ್ಕ ಬಟ್ಟೆ ಒಗೆಯುವ ಕಲ್ಲೊಂದಿತ್ತು. ನಿಜಕ್ಕೂ ಅದು ಕಲ್ಲಲ್ಲ. 1981ರ ಮಳೆಗಾಲದಲ್ಲಿ ನೀರು ಕುಡಿದು ಗಟ್ಟಿಯಾದ ಸಿಮೆಂಟ್ ಮೂಟೆ. ಗೋಣಿ ಕೊಳೆತು ಹೋದ ಮೇಲೂ ಅದರ ನೇಯ್ಗೆ ಮೈತುಂಬ ಅಚ್ಚೊತ್ತಿದ ಹಾಗೆ ಉಳಿದಿತ್ತು. ಒಂದು ಮೂಲೆಯಲ್ಲಿ ಮೂಟೆಯ ಬಾಯಿ ಹೊಲಿದ ದಾರದ ಗುರುತು ಕೂಡ ಇತ್ತು.

ಅದನ್ನು ತಂದವರು ನಮ್ಮ ಅಪ್ಪಯ್ಯ. ಕುಂದಾಪುರದ ಕಡೆಯಿಂದ ಬಂದು ಪರೇಲಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ನಮ್ಮ ಖೋಲಿ ಮೇಲಿನ ಮಹಡಿಯಲ್ಲಿತ್ತು, ಮಳೆ ಬಂದರೆ ಸೋರುತ್ತಿತ್ತು. ಆಗ ಸಿಮೆಂಟಿಗೆ ಸರ್ಕಾರದ ಪರ್ಮಿಟ್ ಬೇಕು. ಅರ್ಜಿ ಕೊಟ್ಟು ಹತ್ತು ತಿಂಗಳು ಕಾದರು, ಸಿಗಲಿಲ್ಲ. ಕೊನೆಗೆ ಬ್ಲ್ಯಾಕಲ್ಲಿ ಒಂದು ಮೂಟೆ ತಂದು ಮಂಚದಡಿ ಇಟ್ಟರು. ಗಾರೆಯವನು ಬರುವ ಮೊದಲೇ ಮಳೆ ಬಂತು. ಯಾವ ಸೋರಿಕೆ ನಿಲ್ಲಿಸಲು ತಂದರೋ ಅದೇ ನೀರು ಮೂಟೆಗೆ ಇಳಿಯಿತು.

ಆ ಆಗಸ್ಟ್ ಕೊನೆಗೆ ಪೇಪರಿನಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಎ. ಆರ್. ಅಂತುಲೆಯವರ ಸುದ್ದಿ ಬಂತು. ಅವರ ಟ್ರಸ್ಟ್‌ಗಳಿಗೆ ಬಿಲ್ಡರುಗಳು ದೇಣಿಗೆ ಕೊಟ್ಟರು, ಅದಕ್ಕೆ ಬದಲಾಗಿ ಸಿಮೆಂಟ್ ಕೋಟಾ ಪಡೆದರು ಅನ್ನೋದು ಆರೋಪ. 1982ರ ಜನವರಿ 12ರಂದು ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಲೆಂಟಿನ್ ಅವರು ದೇಣಿಗೆಗೂ ಸಿಮೆಂಟಿಗೂ ನಂಟಿದೆ ಎಂದು ತೀರ್ಪು ಕೊಟ್ಟರು. ಅಂತುಲೆ ಕುರ್ಚಿ ಬಿಟ್ಟರು. ಆಮೇಲೆ ಬಿಜೆಪಿಯ ರಾಮದಾಸ್ ನಾಯಕ್ ಅವರ ದೂರಿನ ಮೇಲೆ ಕ್ರಿಮಿನಲ್ ಕೇಸೂ ನಡೆಯಿತು.

ತೀರ್ಪು ಬಂದ ದಿನ ಅಪ್ಪಯ್ಯನಿಗೆ ಎಷ್ಟು ಖುಷಿ! ಹೋಟೆಲಿನಿಂದ ಜಿಲೇಬಿ ತಂದಿದ್ದರು. ಎದುರು ಖೋಲಿಯ ಮಾವಶಿಗೂ ಕೊಡಲು ನನ್ನನ್ನೇ ಕಳಿಸಿದರು. ನನಗಾಗ ಹದಿಮೂರು ವರ್ಷ. ಮಾವಶಿ ಪೊಟ್ಟಣ ಮುಟ್ಟಲಿಲ್ಲ. ಕಣ್ಣು ಕೆಂಪಾಗಿತ್ತು.

ಅವರ ಊರು ಮಹಾಡ್ ಹತ್ತಿರ, ಅಂತುಲೆಯವರದೇ ಜಿಲ್ಲೆ. ಕುಲಾಬಾ ಅಂತಿದ್ದ ಜಿಲ್ಲೆಗೆ ಶಿವಾಜಿ ಮಹಾರಾಜರ ರಾಯಗಡದ ಹೆಸರು ಇಟ್ಟವರು ಅಂತುಲೆಯವರೇ. ಗತಿಯಿಲ್ಲದವರಿಗೆ ತಿಂಗಳು ತಿಂಗಳು ಹಣ ಕೊಡುವ ಸಂಜಯ್ ಗಾಂಧಿ ನಿರಾಧಾರ್ ಯೋಜನೆ ಬಂದದ್ದೂ ಅವರ ಕಾಲದಲ್ಲೇ. ಮಾವಶಿಯ ವಿಧವೆ ಅತ್ತೆಗೆ ಆ ಹಣ ಬರುತ್ತಿತ್ತು. "ಆ ಮುದುಕಿ ಕೈಗೆ ದುಡ್ಡು ಕೊಟ್ಟವರು ಬೇರೆ ಯಾರಿದ್ದಾರೆ, ಹೇಳು" ಅಂದರು. ನನಗೆ ಹೇಳಲು ಏನೂ ಇರಲಿಲ್ಲ. ಜಿಲೇಬಿ ವಾಪಸ್ ತಂದೆ.

ಇಬ್ಬರೂ ಹೇಳಿದ್ದು ಸರಿಯೇ ಅಂತ ನನಗೆ ಈಗಲೂ ಅನಿಸುತ್ತದೆ. ಮುದುಕಿಗೆ ಹಣ ಬಂದದ್ದು ನಿಜ. ಅಪ್ಪಯ್ಯನ ಅರ್ಜಿ ಕೊಳೆತದ್ದೂ ನಿಜ. ಆದರೆ ಒಂದು ಇನ್ನೊಂದರ ಲೆಕ್ಕ ಚುಕ್ತಾ ಮಾಡೋದಿಲ್ಲ ಅಲ್ವಾ?

ತೀರ್ಪು ಬಂದು ಆರೇ ದಿನಕ್ಕೆ, ಜನವರಿ 18ಕ್ಕೆ, ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ಕಾರ್ಮಿಕ ನಾಯಕ ದತ್ತಾ ಸಾಮಂತ್ ಕರೆಗೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟರು. ನಮ್ಮ ಚಾಳಿನಲ್ಲಿ ಮನೆಗೊಬ್ಬರಂತೆ ಗಿರಣಿಯವರೇ. ಮಾವಶಿಯ ಗಂಡನೂ. ಅಪ್ಪಯ್ಯ ಹೋಟೆಲಿನಲ್ಲಿ ಉದ್ರಿ ಪುಸ್ತಕದ ಮೇಲೆ ಪುಸ್ತಕ ತುಂಬಿಸಿದರು. ಅಂತುಲೆ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಫೆಬ್ರವರಿ ಕೊನೆಗೆ ಸರ್ಕಾರ ಸಿಮೆಂಟಿನ ಕಂಟ್ರೋಲ್ ಅರ್ಧಂಬರ್ಧ ತೆಗೆಯಿತು. ಒಂದು ಪಾಲು ಪರ್ಮಿಟ್ ಇಲ್ಲದೆ ಅಂಗಡಿಯಲ್ಲೇ ಸಿಗತೊಡಗಿತು. ರೇಟು ಜಾಸ್ತಿ. ಆದರೂ ಅಪ್ಪಯ್ಯ ತಂದು ಮೇ ತಿಂಗಳಲ್ಲಿ ಮಾಳಿಗೆ ರಿಪೇರಿ ಮಾಡಿಸಿದರು.

ಅಂತುಲೆ ಕೇಸನ್ನು ಮಾತ್ರ ಅಪ್ಪಯ್ಯ ಬಿಡಲಿಲ್ಲ. ಹೋಟೆಲಿಗೆ ಬರುವ ವಕೀಲರ ಗುಮಾಸ್ತರೊಬ್ಬರನ್ನು ಹಿಡಿದು ಕೇಳುತ್ತಿದ್ದರು. ವರ್ಷಗಟ್ಟಲೆ ನಡೆದ ವಾದವೆಲ್ಲ ಬೇರೆಯದೇ. ಕೇಸ್ ಹಾಕಲು ಅನುಮತಿ ಬೇಕಾ, ಬೇಡವಾ? ಯಾವ ಕೋರ್ಟು ಕೇಳಬೇಕು? 1984ರಲ್ಲಿ ಸುಪ್ರೀಂ ಕೋರ್ಟು, ಯಾವ ಹುದ್ದೆಯ ಬಗ್ಗೆ ಆರೋಪವೋ ಆ ಹುದ್ದೆ ಬಿಟ್ಟ ಮೇಲೆ ಅನುಮತಿ ಬೇಕಿಲ್ಲ ಎಂದಿತು. ವಿಚಾರಣೆಯನ್ನು ಹೈಕೋರ್ಟಿಗೆ ಕೊಟ್ಟಿತು. 1988ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ಹಾಗೆ ಕೊಟ್ಟದ್ದೇ ತಪ್ಪು ಎಂದಿತು.

ಆರೋಪಿಗೆ ಕಾನೂನಿನ ರಕ್ಷಣೆ ಬೇಕೇ ಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಈಗಲೂ ಮಾಜಿ ಮಂತ್ರಿಯೊಬ್ಬರ ಮೇಲೆ ಚಾರ್ಜ್‌ಶೀಟ್ ಬಿತ್ತು ಅಂದರೆ ಒಂದು ಕಡೆ ಪಟಾಕಿ, ಇನ್ನೊಂದು ಕಡೆ ರಸ್ತೆ ತಡೆ. ವಾರ ಕಳೆದರೆ ಎರಡೂ ಇಲ್ಲ. ಅದನ್ನು ನೋಡುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಗಲ್ಲಾದಲ್ಲಿ ಕೂತು ಆರು ವರ್ಷ ಬಿಡದೆ ವಿಚಾರಿಸಿದ ಅಪ್ಪಯ್ಯ ನೆನಪಾಗುತ್ತಾರೆ.

1988ರ ಆ ಸುದ್ದಿ ಬಂದ ದಿನ ಅಪ್ಪಯ್ಯ ನಲ್ಲಿಯ ಹತ್ತಿರ ನಿಂತು ಪೇಪರ್ ಓದುತ್ತಿದ್ದರು. ಮಾವಶಿ ಬಟ್ಟೆ ಕುಕ್ಕುತ್ತಿದ್ದರು.

"ಏನಾಯ್ತಂತೆ ಅಣ್ಣಾ?"

"ಕೇಸು ವಾಪಸ್ ಹಳೇ ಕೋರ್ಟಿಗಂತೆ."

"ಸಿಮೆಂಟಿನ ವಿಷಯ?"

ಅಪ್ಪಯ್ಯ ಪೇಪರ್ ತಿರುಗಿಸಿ ಇನ್ನೊಮ್ಮೆ ಓದಿದರು. "ಅದು ಇದರಲ್ಲಿಲ್ಲ" ಎಂದರು. ಮಾವಶಿ ಸೀರೆ ಹಿಂಡಿ, ಕಲ್ಲಿನ ಮೇಲೆ ಎರಡು ಚೆಂಬು ನೀರು ಹೊಯ್ದು, ಅಪ್ಪಯ್ಯನ ಬನಿಯನ್ನಿಗೆ ಜಾಗ ಬಿಟ್ಟರು.