ದೊಡ್ಡಪ್ಪನ ಕಂಪ್ಯೂಟರ್ ಜೊತೆ ಒಂದು ಭಾನುವಾರ

ತಿಪಟೂರಿನಲ್ಲಿರುವ ನಮ್ಮ ದೊಡ್ಡಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ರಿಟೈರ್ ಆದ ಮೇಲೆ ದಿನದ ಅರ್ಧ ಹೊತ್ತು ಅವರು ಕಂಪ್ಯೂಟರ್ ಮುಂದೆಯೇ ಕೂತಿರುತ್ತಾರೆ. ಅದರ ಡಿ ಡ್ರೈವ್‌ನಲ್ಲಿ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಮನೆತನದ ವಂಶಾವಳಿ ಇದೆ. ಸುತ್ತಲ ಹಳ್ಳಿಗಳ ಅಜ್ಜಿಯರಿಂದ ಕೇಳಿ ಬರೆದುಕೊಂಡ ಸೋಬಾನೆ ಪದಗಳಿವೆ. ತೋಟದ ಪಹಣಿ, ಪಿಂಚಣಿ ಕಾಗದ, ಮೊಮ್ಮಕ್ಕಳ ನಾಮಕರಣದ ಫೋಟೋ ಎಲ್ಲ ಅಲ್ಲೇ ಇವೆ. ಹಾಡು ಹೇಳಿದ ಅಜ್ಜಿಯರಲ್ಲಿ ಬಹಳ ಜನ ಈಗಿಲ್ಲ. ಆ ಫೈಲುಗಳು ಹೋದರೆ ಹೋದವೇ. ಮನೆ ಕಂಪ್ಯೂಟರಿನಲ್ಲಿ ಕದಿಯೋಕೆ ಅಂಥದ್ದೇನಿರುತ್ತೆ ಎಂದು ಯಾರಾದರೂ ಕೇಳಿದರೆ ನನಗೆ ಈ ಡಿ ಡ್ರೈವ್ ನೆನಪಾಗುತ್ತದೆ.

ನಾನು ತುಮಕೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. 2025ರ ಕಾರ್ತಿಕ ಮುಗಿದ ಹೊಸದರಲ್ಲಿ, ಒಂದು ಶನಿವಾರ ರಾತ್ರಿ ದೊಡ್ಡಮ್ಮ ಫೋನ್ ಮಾಡಿದರು. "ನಿಮ್ಮ ದೊಡ್ಡಪ್ಪ ಕಂಪ್ಯೂಟರ್ ವೈರ್ ಕಿತ್ತು ಹಾಕಿದ್ದಾರೆ ಕಣಮ್ಮ. ಗುರುವಾರದಿಂದ ಸರಿಯಾಗಿ ಊಟಾನೂ ಮಾಡ್ತಿಲ್ಲ. ಏನಾಯ್ತು ಅಂದ್ರೆ ಹೇಳ್ತಿಲ್ಲ." ಮರುದಿನ ಬೆಳಗಿನ ರೈಲು ಹತ್ತಿದೆ.

ದೊಡ್ಡಪ್ಪ ಮೊದಲು ಹೇಳಿದ್ದು ಇಷ್ಟೇ. ಪಂಚಾಂಗ ಹುಡುಕುವಾಗ ಪರದೆ ಪೂರ್ತಿ ಕೆಂಪಾಯಿತು. ಜೋರಾಗಿ ಸೈರನ್ ಹೊಡೆದುಕೊಂಡಿತು. ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಆಫ್ ಮಾಡಬೇಡಿ, ಈ ನಂಬರಿಗೆ ಕರೆ ಮಾಡಿ" ಅಂತ ಒಂದೇ ಸಮ ಹೇಳುತ್ತಿದ್ದಳು. ಮೇಲೆ ಮೈಕ್ರೋಸಾಫ್ಟ್ ಗುರುತೂ ಇತ್ತಂತೆ.

ಇದು ವೈರಸ್ ಅಲ್ಲ. ಸುಮ್ನೆ ಒಂದು ವೆಬ್ ಪೇಜು. ಬ್ರೌಸರನ್ನು ಪರದೆ ತುಂಬಾ ಹಿಗ್ಗಿಸಿ, ಮುಚ್ಚುವ ಗುರುತು ಕಾಣದ ಹಾಗೆ ಮಾಡಿರುತ್ತಾರೆ. ಎಸ್ಕೇಪ್ ಕೀ ಒತ್ತಿ ಹಿಡಿದರೆ ಸಾಮಾನ್ಯವಾಗಿ ಪರದೆ ಚಿಕ್ಕದಾಗುತ್ತದೆ, ಆಗ ಮುಚ್ಚಬಹುದು. ಅದಕ್ಕೂ ಜಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರನ್ನೇ ನಿಲ್ಲಿಸಬೇಕು. ಮತ್ತೆ ತೆರೆದಾಗ ಹಳೇ ಪೇಜುಗಳನ್ನು ವಾಪಸ್ ತರಲೇ ಎಂದು ಕೇಳಿದರೆ ಬೇಡ ಅನ್ನಬೇಕು. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಈ ಒಂದು ಮಾತನ್ನು ಮನೆಯ ಹಿರಿಯರಿಗೆಲ್ಲ ಹೇಳಿಟ್ಟರೆ ಎಷ್ಟೋ ದುಡ್ಡು ಉಳಿಯುತ್ತೆ ಅಂತ ನನ್ನ ನಂಬಿಕೆ.

ಮೋಡೆಮ್ ಆಫ್ ಮಾಡಿ, ಕಂಪ್ಯೂಟರ್ ಹಾಕಿದೆ. ಬ್ರೌಸರ್ ಸೆಟ್ಟಿಂಗ್‌ನ ನೋಟಿಫಿಕೇಶನ್ ಪಟ್ಟಿಯಲ್ಲಿ ಗುರುತು ಪರಿಚಯವಿಲ್ಲದ ಸೈಟುಗಳ ಸಾಲೇ ಇತ್ತು. "ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ" ಅಂತ ಕೇಳಿ ಒಳಗೆ ಬಂದವು ಅವು. ಒಮ್ಮೆ ಅಲೋ ಒತ್ತಿದರೆ ಆ ಸೈಟನ್ನು ಮುಚ್ಚಿದ ಮೇಲೂ ಬಲಗಡೆ ಕೆಳಮೂಲೆಯಲ್ಲಿ "ವೈರಸ್ ಸಿಕ್ಕಿದೆ" ಅಂತ ಸಂದೇಶ ಬರುತ್ತಲೇ ಇರುತ್ತದೆ. ನೋಡಲು ವಿಂಡೋಸೇ ಹೇಳಿದ ಹಾಗಿರುತ್ತೆ. ಎಲ್ಲವನ್ನೂ ತೆಗೆದು, ಮುಂದೆ ಯಾವ ಸೈಟೂ ಕೇಳದಂತೆ ಮಾಡಿದೆ.

ಆಮೇಲೆ ಇನ್‌ಸ್ಟಾಲ್ ಆಗಿರುವ ಆಪ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿದೆ. ಎಲ್ಲಕ್ಕಿಂತ ಮೇಲೆ, ಗುರುವಾರದ ತಾರೀಖಿನಲ್ಲಿ, ದೂರದಿಂದ ಕಂಪ್ಯೂಟರನ್ನು ಆಡಿಸುವ ಒಂದು ಆಪ್ ಇತ್ತು. ದೊಡ್ಡಪ್ಪ ತಾವಾಗಿಯೇ ಹಾಕಿಕೊಳ್ಳುವಂಥದ್ದಲ್ಲ ಅದು. ಎಲ್ಲರೆದುರು ಕೇಳಲಿಲ್ಲ. ಊಟ ಆದ ಮೇಲೆ ಅವರು ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಾ ಒಬ್ಬರೇ ಕೂತಿದ್ದಾಗ ಹೋಗಿ ಪಕ್ಕದಲ್ಲಿ ಕೂತೆ.

"ದೊಡ್ಡಪ್ಪ, ಆ ನಂಬರಿಗೆ ಫೋನ್ ಮಾಡಿದ್ರಾ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಾಡ್ದೆ ಕಣಮ್ಮ. ಸಾರ್ ಸಾರ್ ಅಂತ ಬಹಳ ಮರ್ಯಾದೆಯಿಂದ ಮಾತಾಡ್ದ. ಅವನು ಹೇಳಿದ್ದನ್ನ ಹಾಕ್ಕೊಂಡೆ. ಪರದೆ ಮೇಲೆ ಬಾಣ ತಾನೇ ಓಡಾಡ್ತಿತ್ತು. ನೂರಾರು ಕೆಂಪು ಗುರುತು ತೋರಿಸ್ದ. ಎಲ್ಲಾ ವೈರಸ್ಸು ಸಾರ್, 14 ಸಾವಿರ ಕಟ್ಟಿದ್ರೆ ತೆಗೀತೀವಿ ಅಂದ. ಬ್ಯಾಂಕ್ ಪೇಜ್ ತೆರೀರಿ ಅಂದಾಗ ಯಾಕೋ ಸರಿಯಿಲ್ಲ ಅನ್ನಿಸ್ತು. ವೈರ್ ಕಿತ್ತುಬಿಟ್ಟೆ." ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು, "ನಿಮ್ಮಣ್ಣಂಗೆ ಹೇಳ್ಬೇಡ. ಈ ವಯಸ್ಸಲ್ಲಿ ನಿಮಗ್ಯಾಕೆ ಕಂಪ್ಯೂಟರು ಅಂತಾನೆ."

ನನಗೆ ಸಂಕಟವಾಗಿದ್ದು ಇಲ್ಲೇ. ಮೂರು ದಿನ ಅವರು ಇದನ್ನು ಒಬ್ಬರೇ ಹೊತ್ತುಕೊಂಡು ಕೂತಿದ್ದರು. ಬ್ಯಾಂಕಿಗೆ ಹೇಳಿಲ್ಲ, ಪಾಸ್‌ವರ್ಡ್ ಬದಲಿಸಿಲ್ಲ. ಮನೆಯವರು ಬೈಯುತ್ತಾರೆ ಅನ್ನುವ ಭಯ ಕಳ್ಳರಿಗೆ ಕೊಡುವಷ್ಟು ಬಿಡುವನ್ನು ಯಾವ ವೈರಸ್ಸೂ ಕೊಡುವುದಿಲ್ಲ. "ವೈರ್ ಕಿತ್ತಿದ್ದು ತುಂಬಾ ಒಳ್ಳೇದಾಯ್ತು ದೊಡ್ಡಪ್ಪ, ಅದಕ್ಕಿಂತ ಸರಿಯಾದ ಕೆಲಸ ಇನ್ನೊಂದಿರಲಿಲ್ಲ" ಅಂದೆ. ಮನಸಾರೆ ಹೇಳಿದ ಮಾತು ಅದು.

ಅಲ್ಲಿಂದಲೇ ಅವರ ಮೊಬೈಲಿನಲ್ಲಿ ಬ್ಯಾಂಕಿಗೆ ಫೋನ್ ಮಾಡಿ ನೆಟ್ ಬ್ಯಾಂಕಿಂಗ್ ನಿಲ್ಲಿಸಿದೆವು. ನಂಬರನ್ನು ಎಟಿಎಂ ಕಾರ್ಡಿನ ಹಿಂದೆ ನೋಡಿಕೊಂಡೆವು. ಇಂಟರ್ನೆಟ್ಟಿನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಲು ಹೋದರೆ ಅಲ್ಲೂ ಕಳ್ಳರೇ ಸಿಗಬಹುದು. ಇಮೇಲ್ ಪಾಸ್‌ವರ್ಡನ್ನು ಕಂಪ್ಯೂಟರ್ ಮುಟ್ಟದೆ ಫೋನಿನಿಂದಲೇ ಬದಲಿಸಿದೆವು. ಬೇರೆ ಕಡೆಯ ಲಾಗಿನ್‌ಗಳನ್ನೆಲ್ಲ ಕಿತ್ತು ಹಾಕಿ, ಎರಡು ಹಂತದ ಪರಿಶೀಲನೆ ಹಾಕಿದೆ. ಖಾತೆಯಿಂದ ದುಡ್ಡು ಹೋಗಿರಲಿಲ್ಲ. ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಿತ್ತು. ಎಷ್ಟು ಬೇಗ ಹೇಳಿದರೆ ಅಷ್ಟು ದುಡ್ಡು ಕಳ್ಳರ ಖಾತೆಯಲ್ಲೇ ತಡೆಯಲು ಸಾಧ್ಯ. ದುಡ್ಡು ಹೋಗದಿದ್ದರೂ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕೋಣ ಅಂದೆ. ದೊಡ್ಡಪ್ಪ ಬೇಡವೆಂದರು, ಮಾನ ಹೋಗುತ್ತೆ ಅಂದರು. ಅಷ್ಟರಲ್ಲಿ ಬಾಗಿಲ ಹತ್ತಿರ ಬಂದು ನಿಂತಿದ್ದ ದೊಡ್ಡಮ್ಮ, "ಕದಿಯೋಕೆ ಬಂದೋನಿಗೇ ನಾಚಿಕೆ ಇಲ್ಲ, ನಿಮಗ್ಯಾಕ್ರೀ ನಾಚಿಕೆ?" ಅಂದುಬಿಟ್ಟರು. ಫೋನಿನಲ್ಲೇ ದೂರು ಹಾಕಿದೆವು.

ಆದರೆ ಆ ಕೆಂಪು ಗುರುತುಗಳು ದೊಡ್ಡಪ್ಪನ ತಲೆಯಿಂದ ಹೋಗಿರಲಿಲ್ಲ. "ಅಷ್ಟೊಂದು ಇದ್ವಲ್ಲಮ್ಮ, ಕಣ್ಣಾರೆ ನೋಡಿದ್ದೀನಿ." ನಾನು ನನ್ನ ಲ್ಯಾಪ್‌ಟಾಪ್ ತೆಗೆದು, ಹುಡುಕುವ ಜಾಗದಲ್ಲಿ ಈವೆಂಟ್ ವ್ಯೂವರ್ ಎಂದು ಟೈಪ್ ಮಾಡಿ ತೆರೆದೆ. ಪರದೆ ತುಂಬಾ ಅದೇ ಕೆಂಪು ಗುರುತು, ಅದೇ ಹಳದಿ ತ್ರಿಕೋನ. ಈವೆಂಟ್ ವ್ಯೂವರ್ ಅಂದರೆ ಕಂಪ್ಯೂಟರ್ ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುವ ದಿನಚರಿ. ಪ್ರಿಂಟರ್ ಸಿಗಲಿಲ್ಲ, ಯಾವುದೋ ಸರ್ವಿಸ್ ಶುರುವಾಗೋದು ತಡವಾಯಿತು, ಇಂಥ ಸಣ್ಣಪುಟ್ಟದ್ದನ್ನೆಲ್ಲ ಎರರ್ ಎಂದು ಬರೆದುಕೊಳ್ಳುತ್ತೆ. ಚೆನ್ನಾಗಿ ನಡೆಯುವ ಕಂಪ್ಯೂಟರಿನಲ್ಲೂ ಇವು ರಾಶಿ ರಾಶಿ ಇರುತ್ತವೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲನ್ನು ಬೆರಳಿಟ್ಟು ಓದಿದರು. "ನಿನ್ನದರಲ್ಲಿ ನನ್ನದಕ್ಕಿಂತ ಜಾಸ್ತಿ ಇದೆಯಲ್ಲಮ್ಮ!" ಎಂದು ಅವತ್ತು ಮೊದಲ ಸಲ ನಕ್ಕರು.

ಇನ್ನು ಕಂಪ್ಯೂಟರಿನ ವಿಚಾರ. ವೈರಸ್ ತಡೆಯಲು ವಿಂಡೋಸಿನಲ್ಲೇ ಡಿಫೆಂಡರ್ ಇದೆ. ಮನೆಗೆ ಅದು ಸಾಕು. ಅದರೊಳಗೆ "ಇಲ್ಲಿ ಹುಡುಕಬೇಡ" ಎಂದು ಬಿಟ್ಟ ಜಾಗಗಳ ಪಟ್ಟಿಯೊಂದು ಇರುತ್ತೆ. ಅದನ್ನು ತೆರೆದು ನೋಡಿದರೆ ಇಡೀ ಸಿ ಡ್ರೈವ್ ಆ ಪಟ್ಟಿಯಲ್ಲಿತ್ತು! ಎಂಎಸ್ ಆಫೀಸಿನ ಕಳ್ಳ ಪ್ರತಿ ಹಾಕಿಕೊಟ್ಟ ಅಂಗಡಿಯ ಹುಡುಗ, ಅದನ್ನು ದುಡ್ಡಿಲ್ಲದೆ ನಡೆಸುವ ಆ್ಯಕ್ಟಿವೇಟರನ್ನು ಡಿಫೆಂಡರ್ ಹಿಡಿಯದಿರಲಿ ಎಂದು ಹೀಗೆ ಮಾಡಿ ಹೋಗಿದ್ದ. ನನಗೆ ತುಂಬಾ ಸಿಟ್ಟು ಬಂತು. ದುಡ್ಡು ಕೊಟ್ಟ ಗಿರಾಕಿಯ ಮನೆ ಬಾಗಿಲನ್ನು ತೆರೆದಿಟ್ಟು ಹೋಗೋದಾ? ಸ್ಟಾಪ್ ಎನ್ನುವ ರ‍್ಯಾನ್ಸಮ್‌ವೇರ್ ಮನೆ ಮನೆಗೂ ಹರಡಿದ್ದು ಇಂಥ ಕ್ರ್ಯಾಕ್ ಮತ್ತು ಆ್ಯಕ್ಟಿವೇಟರುಗಳ ಮೂಲಕವೇ. ಫೋಟೋ, ಕಡತ ಎಲ್ಲಕ್ಕೂ ಬೀಗ ಜಡಿದು 980 ಡಾಲರ್ ಕೇಳುತ್ತಿತ್ತು. 72 ಗಂಟೆಯೊಳಗೆ ಕೊಟ್ಟರೆ ಅರ್ಧ. ಸೋಬಾನೆ ಪದಗಳಿಗೆ ಆ ಗತಿ ಬರದಿದ್ದದ್ದು ಪುಣ್ಯ.

ಇಂಥ ಕಂಪ್ಯೂಟರನ್ನು ಸ್ಕ್ಯಾನ್ ಮಾಡಿ ಚೊಕ್ಕ ಆಯಿತು ಎಂದು ಬಿಡಲು ನನಗೆ ಮನಸ್ಸಾಗಲಿಲ್ಲ. ವಿಂಡೋಸನ್ನೇ ಹೊಸದಾಗಿ ಹಾಕುವುದು ಸರಿ ಅನ್ನಿಸಿತು. ಅದರಲ್ಲಿದ್ದದ್ದು ವಿಂಡೋಸ್ 10. ಅದಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿತ್ತು. ಯಂತ್ರ ಅಷ್ಟು ಹಳೆಯದಲ್ಲ, 11 ಹಾಕಬಹುದಿತ್ತು. ವಿಂಡೋಸ್ ಮಾತ್ರ ಅಸಲಿಯೇ, ಕಂಪ್ಯೂಟರಿನ ಜೊತೆಗೇ ಬಂದದ್ದು. ಮೊದಲು ಕಡತ, ಫೋಟೋಗಳನ್ನಷ್ಟೇ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿಕೊಂಡು ಅದನ್ನು ಕಿತ್ತು ಬೀರುವಿನಲ್ಲಿಟ್ಟೆ. ಚುಚ್ಚಿಯೇ ಇಟ್ಟರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ಆಮೇಲೆ ನನ್ನ ಲ್ಯಾಪ್‌ಟಾಪಿನಲ್ಲಿ, ಮೈಕ್ರೋಸಾಫ್ಟ್ ಸೈಟಿನಿಂದಲೇ ಇಳಿಸಿಕೊಂಡು ಪೆನ್‌ಡ್ರೈವ್ ತಯಾರು ಮಾಡಿದೆ. ಕಂಪ್ಯೂಟರ್ ಸಿದ್ಧವಾಗುವ ಹೊತ್ತಿಗೆ ಸಂಜೆಯಾಗಿತ್ತು. ಆಫೀಸಿನ ಜಾಗಕ್ಕೆ ಲಿಬ್ರೆಆಫೀಸ್ ಬಂತು. ಅದಕ್ಕೆ ದುಡ್ಡೂ ಬೇಡ, ಕ್ರ್ಯಾಕೂ ಬೇಡ. ನುಡಿಯನ್ನು ಮತ್ತೆ ಹಾಕಿಕೊಟ್ಟೆ.

ಎರಡು ಖಾತೆ ಮಾಡಿದೆ. ಒಂದು ಅಡ್ಮಿನಿಸ್ಟ್ರೇಟರದು, ಇನ್ನೊಂದು ದೊಡ್ಡಪ್ಪ ದಿನಾ ಬಳಸುವ ಸಾಮಾನ್ಯ ಖಾತೆ. ಈಗ ಕಂಪ್ಯೂಟರಿನ ಬುಡಕ್ಕೆ ಕೈಹಾಕುವ ಯಾವ ಬದಲಾವಣೆಗೂ ಅಡ್ಮಿನ್ ಪಾಸ್‌ವರ್ಡ್ ಬೇಕು, ಅಲ್ಲೊಂದು ಗಳಿಗೆ ನಿಂತು ಯೋಚಿಸಬೇಕಾಗುತ್ತೆ. ಪಾಸ್‌ವರ್ಡುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿದೆ. ಬರೆದಿಡಬಾರದು ಅನ್ನುವವರು ಇದ್ದಾರೆ. ಎಪ್ಪತ್ತು ದಾಟಿದವರಿಗೆ ಅದು ಸರಿಯಾದ ಸಲಹೆ ಅಲ್ಲ ಅಂತ ನನಗನ್ನಿಸುತ್ತೆ. ಎಲ್ಲ ಕಡೆ ಮೊಮ್ಮಗಳ ಹೆಸರನ್ನೇ ಪಾಸ್‌ವರ್ಡ್ ಮಾಡಿಕೊಳ್ಳುವುದಕ್ಕಿಂತ, ಬೇರೆ ಬೇರೆ ಇಟ್ಟು ಪುಸ್ತಕದಲ್ಲಿ ಬರೆದಿಡುವುದು ಎಷ್ಟೋ ವಾಸಿ. ಎಲ್ಲೋ ಕೂತ ಕಳ್ಳ ದೊಡ್ಡಮ್ಮನ ಬೀರು ತೆಗೆಯಲಾರ.

ಅಪ್‌ಡೇಟ್ ಕೇಳಿದಾಗಲೆಲ್ಲ ದೊಡ್ಡಪ್ಪ "ಆಮೇಲೆ" ಒತ್ತುತ್ತಿದ್ದರು. ಅವರಿಗೆ 2017ರಲ್ಲಿ ಹರಡಿದ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಕಥೆ ಹೇಳಿದೆ. ಅದು ನುಗ್ಗಿದ ಸಂದನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ದಾಳಿ ಆಗಿದ್ದು ಮೇ 12ಕ್ಕೆ. ಹಾಕಿಕೊಂಡವರ ಕಂಪ್ಯೂಟರಿಗೆ ಆ ಸಂದಿನಿಂದ ನುಗ್ಗಲು ಆಗಲಿಲ್ಲ. ಹಾಕಿಕೊಳ್ಳದ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಆಪರೇಶನ್‌ಗಳೇ ನಿಂತುಹೋದವು. ಮೇಷ್ಟ್ರಲ್ವಾ, ತಾರೀಖು ಸಮೇತ ಹೇಳಿದ್ದು ಅವರಿಗೆ ಹಿಡಿಸಿತು. "ಎರಡು ತಿಂಗಳು ಟೈಮ್ ಇತ್ತಲ್ಲ ಹಾಗಾದ್ರೆ" ಅಂದರು.

ಹೊರಡುವಾಗ ಒಂದೇ ಮಾತು ಕೇಳಿಕೊಂಡೆ. ಅನುಮಾನ ಬಂದರೆ ಒತ್ತುವ ಮೊದಲು ನನಗೆ ಫೋನ್ ಮಾಡಿ, ಒತ್ತಿಬಿಟ್ಟಿದ್ದರೂ ಮಾಡಿ, ರಾತ್ರಿಯಾದರೂ ಸರಿ. ಅಣ್ಣನಿಗೂ ನಾನೇ ವಿಷಯ ತಿಳಿಸಿ, ಅಪ್ಪನನ್ನು ಬೈಯಬೇಡ ಅಂದೆ.

ಸಂಕ್ರಾಂತಿ ಆದ ಮೇಲೆ ಒಂದು ಬೆಳಿಗ್ಗೆ ದೊಡ್ಡಪ್ಪನ ಫೋನ್ ಬಂತು. ಅವರ ಜೊತೆ ಕೆಲಸ ಮಾಡಿದ್ದ ಮೇಷ್ಟ್ರೊಬ್ಬರಿಂದ ವಾಟ್ಸಾಪಿಗೆ ಮದುವೆ ಕಾಗದ ಬಂದಿದೆ, ಆದರೆ ಫೈಲಿನ ಹೆಸರು ಎಪಿಕೆ ಅಂತ ಮುಗಿಯುತ್ತೆ, ಒತ್ಲಾ ಬೇಡ್ವಾ ಅಂದರು. ಎಪಿಕೆ ಅಂದರೆ ಆಂಡ್ರಾಯ್ಡ್ ಆಪ್, ಮದುವೆ ಕಾಗದ ಆಪ್ ಆಗಿ ಬರೋದಿಲ್ಲ, ಅಳಿಸಿಬಿಡಿ ಅಂದೆ. "ಹಾಗಾದ್ರೆ ಅವನ ಫೋನು ಯಾರದೋ ಕೈಗೆ ಸಿಕ್ಕಿರಬೇಕು, ಪಾಪ, ಅವನಿಗೆ ಗೊತ್ತೇ ಇಲ್ವೇನೋ. ಈಗ್ಲೇ ಹೇಳ್ತೀನಿ. ಬೈಯಲ್ಲ ಬಿಡು" ಎಂದು ನನ್ನ ಕರೆ ಮುಗಿಸಿ ಅವರಿಗೆ ಫೋನ್ ಮಾಡಿದರು.